ಚಿತ್ರತುರಗವೂ ಮಕ್ಕಳ ಗಣಕವೂ

ವಿದ್ಯಾದಾನವನ್ನು ದಾಸೋಹದ ಅಂಗವೆಂದೇ ಭಾವಿಸಿ ನಡೆದುಬಂದಿರುವ ಮಠಗಳ ಶಾಲೆಗಳಿಗೆ ಸಲ್ಲುವ ಕಾಣಿಕೆಯ ಸ್ವರೂಪವು ಈಚಿನ ವರ್ಷಗಳಲ್ಲಿ ಮಾರ್ಪಟ್ಟಿದೆ. ಹಿಂದೆ ಕೊಠಡಿಗೆ, ಬೆಂಚಿಗೆ, ಗ್ರಂಥಾಲಯಕ್ಕೆ ಮೀಸಲಾಗುತ್ತಿದ್ದ ಧನದ ಒಂದು ಪಾಲು ಇಂದು ಅಗ್ಗದ ಲ್ಯಾಪ್‌ಟಾಪುಗಳಿಗೂ ಟ್ಯಾಬ್ಲೆಟ್ಟುಗಳಿಗೂ ವಿನಿಯೋಗವಾಗುತ್ತಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರಿಗೆ ಶಾಲೆಯಲ್ಲಿ ಕೈಗೆ ಬಂದದ್ದೇ ಮೊದಲ ಗಣಕಯಂತ್ರ. ಹೀಗಿರುವಾಗ ಆ ಯಂತ್ರದಲ್ಲಿ ಕನ್ನಡದ ಪಾಠವು ಶುದ್ಧವಾಗಿ ಮೂಡದೆ ಹೋದರೆ ನಷ್ಟವಾಗುವುದು ಹಣವಷ್ಟೇ ಅಲ್ಲ; ತನ್ನ ನುಡಿಗೆ ಯಂತ್ರದಲ್ಲಿ ಸ್ಥಾನವಿಲ್ಲವೆಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಕೊಳ್ಳುವ ಮುನ್ನ ಪರೀಕ್ಷಿಸುವುದೇ ಇದಕ್ಕೆ ಪರಿಹಾರ. ಆ ಪರೀಕ್ಷೆಗೆ ಒದಗುವ ಮೊದಲ ಸಾಧನವೇ ಎಮ್ಯುಲೇಟರ್.

ಒಂದು ಯಂತ್ರವು ಮತ್ತೊಂದು ಯಂತ್ರದ ವೇಷ ಧರಿಸಿ ನಡೆಯುವಂತೆ ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಗಣಕಗಳಲ್ಲಿ ಒಂದೊಂದು ಬಗೆಗೂ ತನ್ನದೇ ಆದ ಆಜ್ಞೆಗಳ ಭಾಷೆಯಿದೆ. ಚಿಕ್ಕ ಯಂತ್ರಕ್ಕೆಂದು ಬರೆದ ಆಜ್ಞೆಗಳನ್ನು ಎಮ್ಯುಲೇಟರು ದುಭಾಷಿಯಂತೆ ದೊಡ್ಡ ಯಂತ್ರದ ಭಾಷೆಗೆ ತಿರುಗಿಸಿ ನಡೆಸುತ್ತದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮ್ಯು ಇಂಥದೊಂದು ಮುಕ್ತ ತಂತ್ರಾಂಶ. ಅದು ಬೆಲೆಯಿಲ್ಲದೆ ದೊರೆಯುತ್ತದೆ. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇಲ್ಲಿ ಶ್ರೀಶಂಕುಕನ ಚಿತ್ರತುರಗನ್ಯಾಯವು ನೆನಪಾಗುವುದು ಸಹಜ. ಚಿತ್ರದಲ್ಲಿರುವ ಕುದುರೆಯನ್ನು ಕಂಡವನು ಅದನ್ನು ಕುದುರೆಯೆಂದೇ ಗ್ರಹಿಸುತ್ತಾನೆ; ಆ ಜ್ಞಾನವು ಸತ್ಯವೆಂದಾಗಲಿ ಮಿಥ್ಯೆಯೆಂದಾಗಲಿ ಹೇಳಬರುವಂಥದಲ್ಲ. ಕುದುರೆಯ ಅಂಗಾಂಗಗಳನ್ನು ಅರಿಯಲು ಚಿತ್ರ ಸಾಕು, ಸವಾರಿಗೆ ಸಾಲದು. ಎಮ್ಯುಲೇಟರಿನ ಗುಣವೂ ಮಿತಿಯೂ ಈ ನ್ಯಾಯದಲ್ಲಿಯೇ ಅಡಗಿವೆ.

ಅಗ್ಗದ ಗಣಕದ ಆಲೋಚನೆ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಅಂಗೈಯಲ್ಲಿ ಹಿಡಿಯಬಹುದಾದ ಸಿಂಪ್ಯೂಟರನ್ನು 2001ರಲ್ಲಿ ಲೋಕದ ಮುಂದಿಟ್ಟರು. ಅಕ್ಷರ ಬಾರದವರಿಗೂ ದೇಶಭಾಷೆಯಲ್ಲಿ ಓದಿ ಹೇಳುವ ಯಂತ್ರವಾಗಬೇಕೆಂಬುದು ಅವರ ಹಂಬಲ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅದು ಮಾರುಕಟ್ಟೆಗೆ ಬಂದಿತಾದರೂ ನಿರೀಕ್ಷಿಸಿದಷ್ಟು ಪ್ರಸಾರವಾಗಲಿಲ್ಲ. ಆದರೂ ಚಿಕ್ಕ ಯಂತ್ರವನ್ನು ಬಡವರ ನುಡಿಗೆ ಹೊಂದಿಸಬೇಕೆಂಬ ಆದರ್ಶವನ್ನು ಮೊದಲಿಗೆ ಎತ್ತಿಹಿಡಿದ ಕೀರ್ತಿ ಈ ನಗರದ್ದು.

ಅದೇ ದಶಕದಲ್ಲಿ ಅಮೆರಿಕದ ನಿಕೊಲಾಸ್ ನೆಗ್ರೊಪಾಂಟೆಯವರು ಮಗುವಿಗೊಂದು ನೂರು ಡಾಲರಿನ ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು 2005ರಲ್ಲಿ ಸಾರಿದರು. ಭಾರತ ಸರ್ಕಾರವು 2006ರಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ಮಹಾರಾಷ್ಟ್ರದ ಖೈರಾತ್ ಎಂಬ ಹಳ್ಳಿಯ ಪುಟ್ಟ ಶಾಲೆಯಲ್ಲಿ 2007ರಲ್ಲಿ ಅದರ ಪ್ರಯೋಗ ನಡೆಯಿತು. ಎಕ್ಸ್‌ಒ ಎಂಬ ಆ ಯಂತ್ರಗಳು ಇನ್ನೂ ವಿರಳವಾಗಿದ್ದಾಗಲೇ ಅದರ ‘ಶುಗರ್’ ತಂತ್ರಾಂಶವನ್ನು ಎಮ್ಯುಲೇಟರಿನಲ್ಲಿ ನಡೆಸಲು ಅನುಕೂಲವಾಗುವಂತೆ ಎಲ್ಲರಿಗೂ ಒದಗಿಸಲಾಯಿತು. ಇದರಿಂದ ಯಂತ್ರವನ್ನು ಕಣ್ಣಾರೆ ಕಾಣದವರೂ ಮನೆಯ ಗಣಕದಲ್ಲಿಯೇ ಪಾಠಗಳನ್ನೂ ಆಟಗಳನ್ನೂ ರಚಿಸಿ ಪರೀಕ್ಷಿಸುವುದು ಸಾಧ್ಯವಾಯಿತು. ಆದರೆ ಬಿಸಿಲಿನಲ್ಲಿಯೂ ಓದಬಹುದಾದ ಅದರ ತೆರೆ, ನೆರೆಯ ಯಂತ್ರಗಳೊಡನೆ ತಾನಾಗಿ ಕೂಡಿಕೊಳ್ಳುವ ಅದರ ಜಾಲ, 256 ಮೆಗಾಬೈಟಿನ ಸ್ಮೃತಿಯಲ್ಲಿ ಅದು ನಡೆಯುತ್ತಿದ್ದ ಮಂದಗತಿ, ಇವು ಯಾವುವೂ ಎಮ್ಯುಲೇಟರಿನಲ್ಲಿ ಯಥಾವತ್ತಾಗಿ ಕಾಣುವಂತಿರಲಿಲ್ಲ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್ಟಿನ ಕಥೆ ಈ ವಿವೇಚನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಅದರಲ್ಲಿ ಎರಡು ಬಗೆಯ ಕೊರತೆಗಳಿದ್ದುವು. ಅದಕ್ಕೆ ಅಳವಡಿಸಿದ್ದ ಆಂಡ್ರಾಯ್ಡ್ 2.2 ಆವೃತ್ತಿಯಲ್ಲಿ ಕನ್ನಡಾಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ವ್ಯವಸ್ಥೆ ಇರಲಿಲ್ಲ. ಇದು ತಂತ್ರಾಂಶದ ದೋಷ. ಅದೇ ಆವೃತ್ತಿಯ ಎಮ್ಯುಲೇಟರಿನಲ್ಲಿ ಒಂದು ಪುಟ ಕನ್ನಡವನ್ನು ತೆರೆದರೆ ಕ್ಷಣದಲ್ಲಿ ಬಯಲಾಗುವಂಥದು. ಎರಡನೆಯದಾಗಿ, ಅದರ ಸ್ಪರ್ಶಫಲಕವು ಬೆರಳಿನ ಒತ್ತಡವನ್ನು ಅವಲಂಬಿಸಿದ್ದು, ಹಗುರವಾದ ಸ್ಪರ್ಶಕ್ಕೆ ಓಗೊಡುತ್ತಿರಲಿಲ್ಲ. ಇದು ಒಡಲಿನ ದೋಷ. ಎಮ್ಯುಲೇಟರಿನ ಮುಂದೆ ಮೌಸ್ ಹಿಡಿದು ಕುಳಿತವನಿಗೆ ಇದು ಎಂದಿಗೂ ಗೋಚರಿಸದು. ಮರುವರ್ಷ ಬಂದ ಎರಡನೆಯ ಆವೃತ್ತಿಯಲ್ಲಿ ಫಲಕವನ್ನು ಬದಲಿಸಬೇಕಾಯಿತು.

ಕನ್ನಡ ಲಿಪಿಯ ಮಟ್ಟಿಗೆ ಈ ಎರಡು ಪರೀಕ್ಷೆಗಳೂ ಅತ್ಯಗತ್ಯ. ‘ಧರ್ಮ’ ಎಂಬಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರೇಫವು ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಮಕಾರದ ಬಳಿಕ ನಿಲ್ಲುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’ಗಳಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತುಗಳು. ಈ ಜೋಡಣೆ ತಪ್ಪಿದರೆ ಎಮ್ಯುಲೇಟರೇ ಅದನ್ನು ತೋರಿಸಿಕೊಡುತ್ತದೆ. ಆದರೆ ಅಕ್ಷರದ ಗಾತ್ರದ ವಿಷಯದಲ್ಲಿ ಅದು ಮೋಸಗೊಳಿಸಬಲ್ಲುದು. ಎಕ್ಸ್‌ಒ ಯಂತ್ರದ ಏಳೂವರೆ ಅಂಗುಲದ ತೆರೆಯಲ್ಲಿ ಅಂಗುಲಕ್ಕೆ 200 ಚುಕ್ಕೆಗಳಿದ್ದುವು. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ಸುಮಾರು 100. ಆದುದರಿಂದ 20 ಚುಕ್ಕೆಗಳ ಅಕ್ಷರವು ದೊಡ್ಡ ತೆರೆಯ ಮೇಲೆ 5 ಮಿಲಿಮೀಟರ್ ಎತ್ತರವಾಗಿ ಕಂಡರೆ, ಮಗುವಿನ ಯಂತ್ರದಲ್ಲಿ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಅದರ ಕೆಳಗಿನ ಒತ್ತಕ್ಷರದ ಗತಿಯೇನು? ತಯಾರಕನ ಕಣ್ಣಿಗೆ ಸೊಗಸಾದದ್ದು ಮೂರನೆಯ ತರಗತಿಯ ಬಾಲಕಿಗೆ ಬರಿಯ ಮಸಿಯ ಚುಕ್ಕೆ.

ಯಂತ್ರವನ್ನೇ ಕೊಂಡು ನೋಡಿದರಾಯಿತು, ಈ ಅನುಕರಣದ ಕಷ್ಟವೇಕೆ ಎಂದು ಕೆಲವರು ಕೇಳಬಹುದು. ಕೊಂಡ ಮೇಲೆ ಕಂಡ ದೋಷಕ್ಕೆ ದಾನಿಯ ಹಣ ತೆತ್ತಂತಾಗುತ್ತದೆ. ಎಮ್ಯುಲೇಟರಿನಲ್ಲಿ ಸರಿಬಂದರೆ ಸಾಲದೇ ಎನ್ನುವವರೂ ಉಂಟು. ಅವರು ಚಿತ್ರದ ಕುದುರೆಗೆ ಜೀನು ಬಿಗಿಯುವವರು. ಶರಣರು ಕೇಳಿದ ಮಾತಿಗಿಂತ ಸ್ವಾನುಭವಕ್ಕೆ ಹೆಚ್ಚಿನ ಪ್ರಾಮಾಣ್ಯವನ್ನು ಕೊಟ್ಟರೆಂಬುದನ್ನು ಇಂಥವರು ಮರೆಯಬಾರದು.

ಆದಕಾರಣ ಶಾಲೆಗಳು ಅನುಸರಿಸಬೇಕಾದ ಕ್ರಮವು ಸರಳವಾದುದು. ಕೊಳ್ಳಲು ಉದ್ದೇಶಿಸಿದ ಯಂತ್ರದ್ದೇ ಆವೃತ್ತಿಯನ್ನೂ ಸ್ಮೃತಿಯ ಪ್ರಮಾಣವನ್ನೂ ಎಮ್ಯುಲೇಟರಿನಲ್ಲಿ ಹೊಂದಿಸಿ, ಶಾಲೆಯಲ್ಲಿ ಈಗಿರುವ ಗಣಕದಲ್ಲಿಯೇ ಮೊದಲು ಪರೀಕ್ಷಿಸಬೇಕು. ಅದಕ್ಕಾಗಿ ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು, ಕನ್ನಡದ ಅಂಕಿಗಳೆಲ್ಲವೂ ಬರುವಂಥ ಒಂದು ಪುಟವನ್ನು ಕನ್ನಡ ಅಧ್ಯಾಪಕರು ಸಿದ್ಧಪಡಿಸಿಕೊಡಬೇಕು. ಇದು ತಂತ್ರಜ್ಞರೊಬ್ಬರ ಕೆಲಸವೆಂದು ಅವರು ದೂರ ನಿಲ್ಲಲಾಗದು. ತಂತ್ರಾಂಶದ ಉದ್ಯೋಗದಲ್ಲಿರುವ ಹಿರಿಯ ವಿದ್ಯಾರ್ಥಿಗಳು ವಾರಕ್ಕೊಂದು ಗಳಿಗೆಯ ಕಾಯಕವನ್ನು ಇದಕ್ಕೆ ಸಲ್ಲಿಸಿದರೆ ಅದೂ ದಾಸೋಹವೇ. ಆ ಬಳಿಕ ಎರಡೋ ಮೂರೋ ಯಂತ್ರಗಳನ್ನು ತರಿಸಿ ಒಂದು ತಿಂಗಳ ಕಾಲ ಮಕ್ಕಳ ಕೈಗೆ ಒಪ್ಪಿಸಬೇಕು: ತರಗತಿಯಲ್ಲಿ, ಅಂಗಳದ ಬಿಸಿಲಿನಲ್ಲಿ, ವಿದ್ಯುತ್ತು ಹೋದ ಹೊತ್ತಿನಲ್ಲಿ. ಉಳಿದವನ್ನು ಕೊಳ್ಳುವುದು ಅನಂತರದ ಮಾತು.

ವಾರ್ಷಿಕೋತ್ಸವದ ವೇದಿಕೆಯಲ್ಲಿ ನೂರು ಯಂತ್ರಗಳನ್ನು ಒಮ್ಮೆಗೇ ಹಂಚಿದರೆ ಸಭೆಗೆ ಶೋಭೆಯುಂಟು, ದಾನಿಗಳಿಗೆ ಸಂತೋಷವೂ ಉಂಟು. ಆದರೆ ಮೂರು ಯಂತ್ರಗಳನ್ನು ಕೊಟ್ಟು, ಮಕ್ಕಳ ಮಾತು ಕೇಳಿ, ಮರುವರ್ಷ ಉಳಿದ ತೊಂಬತ್ತೇಳನ್ನು ಕೊಡುವ ದಾನಿಯ ತಾಳ್ಮೆ ಅದಕ್ಕಿಂತ ದೊಡ್ಡದು. ಬೀರುವಿನಲ್ಲಿ ಧೂಳು ಹಿಡಿಯದೆ ಮಗುವಿನ ಕೈಯಲ್ಲಿ ಸವೆದ ಯಂತ್ರವೇ ಆ ದಾನಕ್ಕೆ ಸಾಕ್ಷಿ.