ನೈಟ್ ಡ್ಯೂಟಿ ಮುಗಿಸಿ – 19: ಸ್ಟೇರಿಂಗ್ "ಸ್ವಲ್ಪ ಆಡುತ್ತೆ" ಅನ್ನೋರಿಗೆ

ಈ ಸಲ ವಾರ್ಡಿನ ಕಥೆ ಅಲ್ಲ, ಕಾರಿಂದು.

ಇಲ್ಲಿ ಇಂಗ್ಲೆಂಡಲ್ಲಿ ಕಾರಿಗೆ 3 ವರ್ಷ ಆದ್ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಕಡ್ಡಾಯ. ನಮ್ಮದು ಫೇಲಾಯ್ತು. ಮುಂದಿನ ಎಡ ಚಕ್ರದ ಟೈ ರಾಡ್ ಎಂಡ್ ಸವೆದಿತ್ತು. ಅದೂ ನಮ್ಮ ಸೊಂಟದ ಕೀಲಿನ ಥರಾನೇ, ಬಟ್ಟಲೊಳಗೆ ಗುಂಡು. ಮೇಲಿನ ರಬ್ಬರ್ ಹರಿದು ನೀರು, ಮಣ್ಣು ಸೇರಿದ್ರೆ ಸವೆಯುತ್ತೆ. ಪೂರ್ತಿ ಕಳಚಿಕೊಂಡ್ರೆ ಆ ಚಕ್ರ ಸ್ಟೇರಿಂಗ್ ಮಾತೇ ಕೇಳಲ್ಲ.

ನಮ್ಮನೆಯವರೂ ನಾನೂ ಮನೆ ಮುಂದೆಯೇ ಬದಲಾಯಿಸಿದ್ವಿ. ಜಾಕ್ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಕೊಟ್ವಿ. ಹಳೇದನ್ನ ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸೋ ಕೆಲಸ ನಂದು. ಹೊಸದನ್ನ ಅಷ್ಟೇ ಸುತ್ತು ತಿರುಗಿಸಿ, ಹೊಸ ನಟ್ಟು ಬಿಗಿದ್ವಿ. "ನೇರ ಹೋಗ್ತಿದೆಯಲ್ಲ, ಸಾಕು" ಅಂದ್ರು ಇವರು. ನಾನು ಒಪ್ಪಲಿಲ್ಲ. ಸುತ್ತು ಎಣಿಸಿದ್ದು ಗ್ಯಾರೇಜ್ ತನಕ ಹೋಗೋಕೆ ಮಾತ್ರ. ಅಲೈನ್‌ಮೆಂಟ್ ಮಾಡಿಸದಿದ್ರೆ ಟೈರ್ ಒಂದೇ ಕಡೆ ತಿಂದುಹೋಗುತ್ತೆ, ಕಾರು ಪಕ್ಕಕ್ಕೆ ಎಳೆಯುತ್ತೆ. ಮನೇಲಿ ರಿಪೇರಿ ಮಾಡೋದು ತಪ್ಪಲ್ಲ, ಅರ್ಧಕ್ಕೆ ಬಿಡೋದು ತಪ್ಪು. ಇದು ನನ್ನ ಅಭಿಪ್ರಾಯ, ಬೈಯೋರು ಬೈಯಬಹುದು.

ಅಪ್ಪಾಜಿ, ಇದು ಮುಖ್ಯವಾಗಿ ನಿಮಗೇ. ಹಳೇ ಮಾರುತಿ 800 ಬಗ್ಗೆ "ಸ್ವಲ್ಪ ಆಡುತ್ತೆ, ಓಡ್ತಿದೆಯಲ್ಲ" ಅಂದ್ರಿ. ನೋವಿಲ್ಲ ಅಂತ ತಡವಾಗಿ ಬರೋ ಪೇಷೆಂಟುಗಳೂ ಹೀಗೇ ಹೇಳೋದು. ಧರ್ಮಸ್ಥಳಕ್ಕೆ ಹೊರಡೋ ಮುಂಚೆ ಮುಂದಿನ ಚಕ್ರ ಎತ್ತಿಸಿ, ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿ ನೋಡೋಕೆ ಹೇಳಿ. ಟಕ್ ಟಕ್ ಅಂದ್ರೆ ಕಾರು ಬಿಟ್ಟು ಬಸ್ ಹತ್ತಿ. ಶಿರಾಡಿ ಘಾಟಿ ಇಳಿಯೋದು ಆಮೇಲೆ.

ತೋರಿಸಿ ಇಲ್ಲೇ ಕಾಮೆಂಟ್ ಹಾಕಿ, ಕಾಯ್ತಿರ್ತೀನಿ.