ಕರ್ಕೋಟಕನ ಉಪವಾಸ

ಹೋದ ಸಲ ಬರೆದಾಗ ನಮ್ಮನೆಗೆ ಹೊಸಬರೊಬ್ಬರು ಬಂದಿದ್ದಾರೆ, ಅವರ ವಿಷಯ ಇನ್ನೊಂದಿನ ಬರೀತೀನಿ ಅಂತ ಹೇಳಿ ಜಾರಿಕೊಂಡಿದ್ದೆ. ಆಮೇಲೆ ಬಂದ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ಪ್ರಶ್ನೆ, "ಗಂಡೋ ಹೆಣ್ಣೋ?" ಗೊತ್ತಿಲ್ಲ ಸ್ವಾಮಿ. ಇಷ್ಟು ಚಿಕ್ಕದನ್ನ ಮೇಲಿಂದ ನೋಡಿ ಹೇಳೋಕಾಗಲ್ಲವಂತೆ. ಬಂದಿದ್ದು ಹಾವಿನ ಮರಿ.

ನಮ್ಮ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳೋ ಒಬ್ಬ ಅಮೆರಿಕನ್ ಇದ್ದಾನೆ. ಅವನನ್ನ ಡೀಬೀಏ ಸಾಹೇಬ ಅಂತಲೇ ಕರೆಯೋಣ. ಅವನ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ, ತುಂಬಾ ಹಾವಿನ ಪೆಟ್ಟಿಗೆಗಳು. 2024ರ ಆಗಸ್ಟ್ ಮೊದಲ ವಾರ ಅವನ ಕಾರ್ನ್ ಸ್ನೇಕ್ ಇಟ್ಟ ಹದಿನಾಲ್ಕು ಮೊಟ್ಟೆ ಒಡೆದವು. ಹದಿಮೂರು ಮರಿ ಮೊದಲ ಪೊರೆ ಬಿಟ್ಟು ಊಟ ಶುರು ಮಾಡಿದವು. ಹದಿನಾಲ್ಕನೇದು ಮಾಡಲಿಲ್ಲ. "ಇಂಥವು ಒಂದೊಂದು ಇರುತ್ತವೆ, ನಾನು ಹೆಚ್ಚು ಕಷ್ಟಪಡಲ್ಲ" ಅಂದ. ಕಷ್ಟಪಡಲ್ಲ ಅಂದ್ರೆ ಏನು ಅಂತ ಕೇಳಿದೆ. ಅವನು ಕಾಫಿ ಕಪ್ಪು ನೋಡ್ತಾ ಸುಮ್ಮನಾದ. ನಾನು ಯಾಕೆ ಆ ಹೊತ್ತಿಗೆ "ನಂಗೆ ಕೊಡು" ಅಂದೆನೋ ಇವತ್ತಿಗೂ ಗೊತ್ತಿಲ್ಲ. ಬಾಯಿಂದ ಬಂದುಬಿಡ್ತು.

ಕಾರ್ನ್ ಸ್ನೇಕ್ ಅಂದ್ರೆ ಇಲ್ಲಿಯದೇ ಹಾವು. ನಾವಿರೋ ನಾರ್ತ್ ಕೆರೊಲಿನಾದ ಪೈನ್ ಕಾಡುಗಳಲ್ಲಿ, ಹೊಲದ ಕೊಟ್ಟಿಗೆಗಳ ಸುತ್ತ ಸಿಗುತ್ತೆ. ವಿಷ ಇಲ್ಲ. ನಮ್ಮೂರ ಕೇರೆ ಹಾವಿನ ದಾಯಾದಿ ಅಂದ್ಕೊಳ್ಳಿ, ಇಲಿ ಹಿಡಿಯೋದೇ ಕಸುಬು. ಜೋಳದ ಕಣಜದ ಹತ್ತಿರ ಇಲಿ ಹುಡುಕ್ಕೊಂಡು ಬರ್ತಿತ್ತು ಅಂತ ಆ ಹೆಸರು ಬಂತು ಅಂತ ಕೆಲವರು, ಹೊಟ್ಟೆ ಮೇಲಿನ ಕಪ್ಪು ಬಿಳಿ ಚೌಕಗಳು ಜೋಳದ ಕಾಳಿನ ಥರ ಕಾಣುತ್ತೆ ಅಂತ ಇನ್ನು ಕೆಲವರು. ಮೈ ಕಿತ್ತಳೆ, ಬೆನ್ನ ಮೇಲೆ ಕೆಂಪು ಮಚ್ಚೆ, ನಿಜಕ್ಕೂ ಚೆಂದ. ಸಾಕೋಕೆ ಇಲ್ಲಿ ಅಡ್ಡಿಯಿಲ್ಲ, ಪಕ್ಕದ ಜಾರ್ಜಿಯಾ ರಾಜ್ಯದಲ್ಲಾದರೆ ಸಾಕೋ ಹಾಗಿಲ್ಲ. (ಊರಲ್ಲಿ ಓದುತ್ತಿರೋ ತಮ್ಮಂದಿರಿಗೆ: 1972ರ ವನ್ಯಜೀವಿ ಕಾಯ್ದೆ ನೆನಪಿರಲಿ. ತೋಟದಲ್ಲಿ ಸಿಕ್ಕ ಹಾವು ತಂದು ಡಬ್ಬಿಯಲ್ಲಿಟ್ಟು ನನ್ನ ಹೆಸರು ಹೇಳಬೇಡಿ.)

ಆಗಸ್ಟ್ 24, ಶನಿವಾರ, ಮೊಸರಿನ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಿ ಮನೆಗೆ ಬಂತು. ಒಂದು ಪೆನ್ಸಿಲ್‌ಗಿಂತ ಸ್ವಲ್ಪ ಉದ್ದ, ಪೆನ್ಸಿಲ್‌ಗಿಂತ ಸಣ್ಣ. ಹೆಂಡತಿ ಹತ್ತು ನಿಮಿಷ ಅಡುಗೆಮನೆಯಿಂದ ಆಚೆ ಬರಲಿಲ್ಲ. ಬಂದವಳು ಬಗ್ಗಿ ನೋಡಿ, "ಇದಕ್ಕೆ ಕರ್ಕೋಟಕ ಅಂತ ಹೆಸರಿಡೋಣ" ಅಂದ್ಳು. ನಳ ಮಹಾರಾಜನನ್ನ ಕಚ್ಚಿದ ಕರ್ಕೋಟಕ! ಇದರ ತೂಕ 6.4 ಗ್ರಾಂ. ಅಷ್ಟು ಸಣ್ಣ ತೂಕ ಅಡುಗೆ ತಕ್ಕಡಿಗೆ ಗೊತ್ತಾಗಲ್ಲ ಅಂತ ಚಿನ್ನ ತೂಗೋ ಅಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. ಅದು ಬಂದಿದ್ದೇ ನನ್ನ ನಿದ್ದೆ ಹೋಯ್ತು, ಯಾಕಂದ್ರೆ ಆಮೇಲೆ ಪ್ರತಿ ವಾರ ಅದರಲ್ಲಿ ಅಂಕಿ ಕೆಳಗಿಳಿಯೋದನ್ನ ನೋಡೋದೇ ಆಯ್ತು.

ಮರಿಗಳ ಊಟಕ್ಕೆ ಇಲ್ಲಿ 'ಪಿಂಕಿ' ಅಂತಾರೆ. ಹುಟ್ಟಿ ಒಂದೆರಡು ದಿನದ, ಕೂದಲು ಬರದ, ಕಣ್ಣು ಬಿಡದ ಇಲಿಮರಿ. ಸತ್ತು ಹೆಪ್ಪುಗಟ್ಟಿದ್ದು ಪ್ಯಾಕೆಟ್ಟಿನಲ್ಲಿ ಬರುತ್ತೆ. ಅಮ್ಮನಿಗೆ ಫೋನಿನಲ್ಲಿ "ಪಿಂಕಿ ತಿಂತಿಲ್ಲ ಅಮ್ಮ" ಅಂದಾಗ ಪಾಪ, ಪಕ್ಕದ ಮನೆ ಮಗು ಅಂದ್ಕೊಂಡು "ಯಾರ ಮನೆ ಪಿಂಕಿ? ಎಂತಕ್ಕೆ ತಿಂತಿಲ್ಲ? ಜಂತುಹುಳ ಇರ್ಬೇಕು" ಅಂದಿದ್ರು.

ಏಳು ತಲೆಮಾರಿನಿಂದ ಮೊಟ್ಟೆ ಕೂಡ ಒಳಗೆ ಬಿಡದ ಮನೆಯಿಂದ ಬಂದವನ ಫ್ರೀಜರಿನಲ್ಲಿ, ತೆಂಗಿನತುರಿ, ಅವರೆಕಾಳು, ಮಲಬಾರ್ ಪರೋಟಗಳ ಪಕ್ಕ ಈ ಪ್ಯಾಕೆಟ್ಟು. ಮೂರು ಕವರಿನೊಳಗೆ ಸುತ್ತಿ ಮೂಲೆಗೆ ತಳ್ಳಿದ್ದೆ. ಆದ್ರೂ ಸೆಪ್ಟೆಂಬರ್ 7ರಂದು, ಗಣೇಶನ ಹಬ್ಬದ ದಿನ, ಊಟಕ್ಕೆ ಬಂದಿದ್ದ ಗೆಳೆಯನ ಹೆಂಡತಿ ಐಸ್ ತೆಗೆಯೋಕೆ ಹೋಗಿ, "ಅಯ್ಯೋ, ನೀವು ಸಿಗಡಿ ತಿಂತೀರಾ? ಹೇಳಲೇ ಇಲ್ಲ!" ಅಂತ ಖುಷಿಯಿಂದ ಕೂಗಿದ್ರು. ಸಿಗಡಿ ಅಲ್ಲ ಅಂತ ನಾನು ಹೇಳಬಾರದಿತ್ತು. ಹೇಳಿದೆ. ಹೊಟ್ಟೆಗೆ ಹಾವು ಸುತ್ತಿಕೊಂಡು ಇಲಿ ಮೇಲೆ ಕೂತ ದೇವರು ಎದುರಿಗೇ ನೋಡ್ತಾ ಇದ್ದ. ಮೂರು ಜನ ಕಡುಬು ಅರ್ಧಕ್ಕೆ ಬಿಟ್ಟೆದ್ದರು.

ಊಟ ಕೊಡೋದಕ್ಕೂ ಒಂದು ಶಾಸ್ತ್ರ ಇದೆ. ಪಿಂಕಿಯನ್ನ ಫ್ರಿಜ್ಜಿನಲ್ಲಿಟ್ಟು ಕರಗಿಸಬೇಕು, ಆಮೇಲೆ ಜಿಪ್ ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿ ಮೈ ಬೆಚ್ಚಗೆ ಮಾಡಬೇಕು. ಮೈಕ್ರೋವೇವ್ ಮಾಡಬಾರದು (ಯಾಕೆ ಅಂತ ವಿವರಿಸಲ್ಲ, ನೀವು ಊಟ ಮಾಡ್ತಿರಬಹುದು). ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು. ನಾನು ಅಲ್ಲಾಡಿಸಿದೆ. ಕರ್ಕೋಟಕ ನಾಲಿಗೆ ಎರಡು ಸಲ ಆಚೆ ಹಾಕಿ, ತಿರುಗಿ, ತೆಂಗಿನ ಚಿಪ್ಪಿನ ಕೆಳಗೆ ಹೋಗಿ ಮಲಗ್ತು. ಐದು ದಿನ ಬಿಟ್ಟು ಮತ್ತೆ. ಅದೇ ಕಥೆ.

ಇಂಜಿನಿಯರ್ ಬುದ್ಧಿ ನೋಡಿ, ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ತಾರೀಖು, ತೂಕ, ಬಿಸಿ ಕಡೆಯ ಉಷ್ಣತೆ, ತಂಪು ಕಡೆಯ ಉಷ್ಣತೆ, ಕೊಟ್ಟ ಹೊತ್ತು, ಫಲಿತಾಂಶ. ಫಲಿತಾಂಶದ ಕಾಲಂನಲ್ಲಿ ಮೇಲಿಂದ ಕೆಳಗೆ ಸೊನ್ನೆ. ಆದ್ರೆ ಆ ಶೀಟಿನಿಂದ ಒಂದು ಬಗ್ ಸಿಕ್ತು. ಹಾವಿಗೆ ಮೈಯೊಳಗೆ ಬಿಸಿ ಇಲ್ಲವಲ್ಲ, ತಿಂದದ್ದು ಕರಗಬೇಕಾದ್ರೆ ಹೊರಗಿನ ಬಿಸಿಯೇ ಬೇಕು. ಪೆಟ್ಟಿಗೆಯ ಒಂದು ಕಡೆ 29-30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಕಡೆ 24ರ ಆಸುಪಾಸು ಇರಬೇಕು, ಅದು ತನಗೆ ಬೇಕಾದ ಕಡೆ ಹೋಗುತ್ತೆ. ನಾನು ಥರ್ಮಾಮೀಟರ್ ಅಂಟಿಸಿದ್ದು ಗಾಜಿನ ಗೋಡೆಗೆ. ಅದು 29 ತೋರಿಸ್ತಿತ್ತು. ಕೆಳಗಡೆ, ಹಾವು ಮಲಗೋ ನೆಲದಲ್ಲಿ ಇಟ್ಟು ನೋಡಿದ್ರೆ 38! ಮೂರು ವಾರ ಆ ಪ್ರಾಣಿಯನ್ನ ಕಾವಲಿ ಮೇಲೆ ಕೂರಿಸಿ ಊಟ ಮಾಡು ಅಂತಿದ್ದೆ. ಅವತ್ತೇ ಥರ್ಮೋಸ್ಟಾಟ್ ತಂದು ಅದರ ಸೆನ್ಸರ್ ನೆಲಕ್ಕೆ ಹಾಕಿದೆ. ದೊಡ್ಡ ಗಾಜಿನ ತೊಟ್ಟಿಯಿಂದ ಚಪ್ಪಲಿ ಡಬ್ಬಿಯಷ್ಟಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಬದಲಾಯಿಸಿದೆ, ಮರಿಗಳಿಗೆ ಬಯಲು ಅಂದ್ರೆ ಭಯವಂತೆ, ಇಕ್ಕಟ್ಟೇ ಇಷ್ಟವಂತೆ.

ಈಗ ತಿನ್ನುತ್ತೆ ಅಂತ ಖಾತ್ರಿಯಿತ್ತು. ತಿನ್ನಲಿಲ್ಲ. ಸೆಪ್ಟೆಂಬರ್ ಕೊನೆಗೆ 5.3 ಗ್ರಾಂ.

ವಿಚಿತ್ರ ಪ್ರಾಣಿಗಳನ್ನ ನೋಡೋ ಡಾಕ್ಟ್ರ ಹತ್ತಿರ ಹೋದ್ವಿ. ಆಕೆ ಬಾಯಿ ತೆಗೆದು ನೋಡಿ, ಬೆನ್ನು ಸವರಿ, ರೋಗ ಏನೂ ಇಲ್ಲ ಅಂದ್ರು. ಹುಟ್ಟುವಾಗ ಹೊಟ್ಟೆಯೊಳಗೆ ಎಳೆದುಕೊಂಡ ಮೊಟ್ಟೆಯ ಹಳದಿಯ ಮೇಲೆ ಮರಿ ಕೆಲವು ವಾರ ಬದುಕುತ್ತೆ, ಅದು ಮುಗಿದ ಮೇಲೆ ಸ್ವಂತ ಮಾಂಸವನ್ನೇ ತಿನ್ನೋಕೆ ಶುರು, ಬೆನ್ನುಮೂಳೆ ಏಣು ಕಾಣ್ತಾ ಇದೆ ನೋಡಿ ಅಂತ ಬೆರಳಿಟ್ಟು ತೋರಿಸಿದ್ರು. ಕಂಡಿತು. ಅಲ್ಲಿವರೆಗೂ ಕಂಡಿರಲಿಲ್ಲ. ಕೊನೆಗೆ ಬಾಯಿಗೆ ತುರುಕೋ ದಾರಿಯೂ ಒಂದಿದೆ, ಆದರೆ ಇಷ್ಟು ಸಣ್ಣ ಮರಿಗೆ ಆ ಗಾಬರಿಯೇ ಸಾಕು ಪ್ರಾಣ ಹೋಗೋಕೆ, ಅದು ಕಟ್ಟಕಡೆಗೆ ಇರಲಿ ಅಂದ್ರು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಕೊಪ್ಪದಲ್ಲಿ ಬೆಳಗಿನ ಕಾಫಿ ಹೊತ್ತು.

"ಒಂದು ಲೋಟ ಹಾಲು ಇಡು ಮಾರಾಯ."

"ಹಾವು ಹಾಲು ಕುಡಿಯಲ್ಲ ಅಮ್ಮ. ಹಾವಾಡಿಗರು ನಾಗರಪಂಚಮಿಗೆ ಮುಂಚೆ ನೀರು ಕೊಡದೆ ಒಣಗಿಸಿರ್ತಾರೆ, ಬಾಯಾರಿ ಕುಡಿಯುತ್ತೆ ಅಷ್ಟೆ."

"ಸರಿ, ನೀನು ಓದಿದವ. ಆದ್ರೆ ನಿನ್ನ ಮನೇಲಿ ಅದು ಸಾಯ್ಬಾರ್ದು, ಹೇಳಿದೀನಿ. ಸತ್ರೆ ನಾನು ಸುಬ್ರಹ್ಮಣ್ಯಕ್ಕೆ ಹೋಗ್ಬೇಕಾಗುತ್ತೆ, ನಂಗೆ ಮೊಣಕಾಲು ನೋವು." ಆಮೇಲೆ ಸ್ವಲ್ಪ ಸುಮ್ಮನಿದ್ದು, "ನೀನು ದಿನಕ್ಕೆ ಎಷ್ಟು ಸಲ ಡಬ್ಬಿ ತೆಗೆದು ನೋಡ್ತೀಯ?"

ನಾನು ಹೇಳಿದ ಲೆಕ್ಕ ಸುಳ್ಳು. ನಿಜವಾದ ಲೆಕ್ಕ ಗಂಟೆಗೊಂದು.

"ನಿನಗೆ ಮೂರು ವರ್ಷ ಇದ್ದಾಗ ಊಟಕ್ಕೆ ಭಾರೀ ರಗಳೆ ಮಾಡ್ತಿದ್ದೆ. ನಾನು, ಅಜ್ಜಿ, ಚಿಕ್ಕಮ್ಮ ಮೂರು ಜನ ಸುತ್ತ ಕೂತು ತಿನ್ಸಿದ್ರೂ ಇಲ್ಲ. ಒಂದಿನ ಬೇಜಾರಾಗಿ ತಟ್ಟೆ ಇಟ್ಟು ಕೊಟ್ಟಿಗೆಗೆ ಹೋದೆ. ಬಂದು ನೋಡಿದ್ರೆ ಖಾಲಿ. ಅದ್ರ ಮುಂದೆ ಕೂತ್ಕೋಬೇಡ."

ತಮಾಷೆ ಅಂದ್ರೆ ಮಾರನೇ ದಿನ ಡೀಬೀಏ ಸಾಹೇಬನೂ ಅದನ್ನೇ ಹೇಳಿದ. ಕತ್ತಲೆ ಮಾಡಿ, ಪಿಂಕಿ ಜೊತೆ ಸಣ್ಣ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆವರೆಗೆ ಮುಟ್ಟಬೇಡ. ಅದೂ ಆಗದಿದ್ರೆ ಪಿಂಕಿಯ ತಲೆಗೆ ಸೂಜಿಯಿಂದ ತೂತು ಮಾಡು, ಒಳಗಿನ ದ್ರವದ ವಾಸನೆಗೆ ಕೆಲವು ಮರಿ ಬಾಯಿ ಹಾಕ್ತವೆ. ಕತ್ತಲೆ ಪ್ರಯೋಗ ನಾನು ಮಾಡಿದೆ, ಆಗಲಿಲ್ಲ. ಎರಡನೇದಕ್ಕೆ ನನ್ನ ಕೈ ನಡುಗಿ ಸಿಂಕಿನ ಮುಂದೆ ನಿಂತುಬಿಟ್ಟೆ. ಹೆಂಡತಿ ಹಲ್ಲಿನ ಡಾಕ್ಟ್ರು, ಇಲ್ಲಿಯ ಪರೀಕ್ಷೆಗೆ ಓದ್ತಾ ಇದ್ದಾಳೆ. ಪುಸ್ತಕ ಮಡಚಿಟ್ಟು ಬಂದು, ಗ್ಲೌಸ್ ಹಾಕಿ, "ಆ ಕಡೆ ತಿರುಗಿ" ಅಂದ್ಳು. ತಿರುಗಿದೆ. ಐದು ಸೆಕೆಂಡಿನ ಕೆಲಸ. ಆಮೇಲೆ ಅವಳು ತುಂಬಾ ಹೊತ್ತು ಕೈ ತೊಳೀತಾ ನಿಂತಿದ್ದು ನಂಗೆ ಕೇಳಿಸ್ತಾ ಇತ್ತು. ಕರ್ಕೋಟಕ ಅದನ್ನೂ ಮೂಸಿ ಬಿಟ್ಟ. ಅವತ್ತು ನಾವಿಬ್ಬರೂ ಜಗಳ ಆಡಿದ್ವಿ, ಹಾವಿನ ವಿಷಯಕ್ಕಲ್ಲ, ಪಾತ್ರೆ ಯಾರು ತೊಳೀಬೇಕು ಅಂತ.

ವಿಜಯದಶಮಿಯ ದಿನ ತೂಕ 4.9. ಹತ್ತು ವಾರದ ಪ್ರಾಣಿ, ಹುಟ್ಟಿದಾಗಿನಿಂದ ಒಂದು ತುತ್ತೂ ಇಲ್ಲ. ಕೈ ಮೇಲೆ ಇಟ್ಟುಕೊಂಡ್ರೆ ಮೊದಲು ಬೆರಳಿಗೆ ಸುತ್ತಿಕೊಳ್ತಿತ್ತು, ಈಗ ದಾರದ ಥರ ಸುಮ್ಮನೆ ಜೋತಾಡ್ತಿತ್ತು.

ಉಳಿದದ್ದು ಹಲ್ಲಿ. ವಿಷಯ ಏನಂದ್ರೆ, ಕಾಡಿನಲ್ಲಿ ಈ ಹಾವಿನ ಮರಿಗಳು ಇಲಿಗಿಂತ ಹೆಚ್ಚಾಗಿ ಸಣ್ಣ ಹಲ್ಲಿ, ಮರಗಪ್ಪೆಗಳನ್ನೇ ತಿನ್ನೋದು. ಹಾವಿಗೆ ಊಟ ಗೊತ್ತಾಗೋದು ನಾಲಿಗೆಯಿಂದ. ನಾಲಿಗೆ ಗಾಳಿಯಿಂದ ಹಿಡಿದು ತಂದ ವಾಸನೆಯನ್ನ ಬಾಯಿಯ ಮೇಲ್ಛಾವಣಿಯಲ್ಲಿರೋ ಜೇಕಬ್‌ಸನ್ ಅಂಗಕ್ಕೆ ಒಪ್ಪಿಸುತ್ತೆ. ಕೆಲವು ಮರಿಗಳಿಗೆ ಆ ಅಂಗದಲ್ಲಿ 'ಊಟ' ಅಂತ ಬರೆದಿರೋದು ಹಲ್ಲಿಯ ವಾಸನೆಗೆ ಮಾತ್ರ. ಅಂದ್ರೆ ನಮ್ಮ ಕರ್ಕೋಟಕ ಹಠ ಮಾಡ್ತಿರಲಿಲ್ಲ. ನಾನು ಕೊಡ್ತಿದ್ದದ್ದು ಊಟ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಪಿಂಕಿಯನ್ನ ಸೋಪು ಹಾಕಿ ತೊಳೆದು, ಇಲಿಯ ವಾಸನೆ ತೆಗೆದು, ಹಲ್ಲಿಯ ಮೈಗೆ ಉಜ್ಜಿ ಕೊಡು ಅನ್ನೋದು ಡೀಬೀಏ ಸಾಹೇಬನ ಕೊನೇ ಅಸ್ತ್ರ.

ನಮ್ಮ ಬಾಲ್ಕನಿಯಲ್ಲಿ ಗ್ರೀನ್ ಅನೋಲ್ ಅನ್ನೋ ಹಸಿರು ಹಲ್ಲಿಗಳು ಬೇಕಾದಷ್ಟು. ಬೇಕಾದಾಗ ಕಂದು ಬಣ್ಣಕ್ಕೆ ತಿರುಗುತ್ತವೆ, ಗಂಡು ಗಂಟಲ ಕೆಳಗೆ ಗುಲಾಬಿ ಬಣ್ಣದ ಬೀಸಣಿಗೆ ಬಿಚ್ಚಿ ಪೋಸು ಕೊಡುತ್ತೆ. ನೋಡೋಕೆ ನಮ್ಮ ಓತಿಕ್ಯಾತನ ತಮ್ಮನ ಹಾಗೆ. ಭಾನುವಾರ ಮಧ್ಯಾಹ್ನ ಬಿಸಿಲು ಕಾಯಿಸ್ತಾ ಕೂತಿದ್ದ ಒಂದರ ಹಿಂದೆ ನಾನು ಬಟ್ಟೆ ಜರಡಿ ಹಿಡಿದು ಮುಕ್ಕಾಲು ಗಂಟೆ ಓಡಾಡಿದೆ. ಎದುರಿನ ಅಪಾರ್ಟ್‌ಮೆಂಟಿನ ಅಜ್ಜಿ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ರು. ಹಿಡಿದು, ಉಜ್ಜಿ, ಬಿಟ್ಟುಬಿಡೋದು ಅಂತ ನನ್ನ ಪ್ಲಾನು. ಅಂತೂ ಕೈಗೆ ಸಿಕ್ತು, ಸಿಕ್ಕಿದ್ದು ಬಾಲ. ಉಳಿದ ಹಲ್ಲಿ ಪೈಪು ಹತ್ತಿ ಮಾಯ. ಬಾಲ ನನ್ನ ಅಂಗೈಯಲ್ಲಿ ಒದ್ದಾಡ್ತಾ ಇತ್ತು. ಚಿಕ್ಕಂದಿನಲ್ಲಿ ಗೋಡೆ ಹಲ್ಲಿಗೆ ಪೊರಕೆಯಲ್ಲಿ ಹೊಡೆದು ಬಾಲ ಬೀಳಿಸಿ ಕುಣೀತಿದ್ದವನು ನಾನೇ. ಈ ಸಲ "ಸಾರಿ ಕಣಪ್ಪಾ" ಅಂತ ಪೈಪಿಗೆ ಹೇಳಿದೆ.

ಬಾಲವನ್ನೇ ಹಾವಿಗೆ ಕೊಡಬೇಡ, ಕಾಡು ಹಲ್ಲಿಯ ಮೈಯಲ್ಲಿ ಹುಳ ಇರುತ್ತೆ, ಉಜ್ಜೋಕೆ ಮಾತ್ರ ಅಂತ ಮೊದಲೇ ಎಚ್ಚರಿಕೆ ಸಿಕ್ಕಿತ್ತು. ಇದ್ದಿದ್ದರಲ್ಲೇ ಚಿಕ್ಕ ಪಿಂಕಿ ಆರಿಸಿ, ವಾಸನೆ ಇಲ್ಲದ ಸೋಪಿನಲ್ಲಿ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದು, ಬಾಲದಿಂದ ಮೂತಿಯಿಂದ ಹಿಂಗಾಲಿನವರೆಗೆ ತಿಕ್ಕಿದೆ. ಸಂಜೆ ಏಳಕ್ಕೆ ಡಬ್ಬಿಯೊಳಗಿಟ್ಟು, ಮೇಲೆ ಟವೆಲ್ ಹೊದಿಸಿ, ಇಬ್ಬರೂ ಕಾರು ಹತ್ತಿ ಹೊರಟ್ವಿ. ಮನೇಲಿದ್ರೆ ನಾನು ಟವೆಲ್ ಎತ್ತದೆ ಇರ್ತಿರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಬೇಡದ ಸಾಮಾನೆಲ್ಲ ತಗೊಂಡು ಎರಡು ಗಂಟೆ ಕಳೆದ್ವಿ.

ವಾಪಸ್ ಬಂದು ಟವೆಲ್ ಎತ್ತಿದವಳು ಹೆಂಡತಿ. "ಎಲ್ಲಿದೆ ಪಿಂಕಿ?" ಅಂದ್ಳು. ನಾನು ಡಬ್ಬಿಯ ಮೂಲೆ ಮೂಲೆ ನೋಡಿದೆ, ಹಾಸಿದ್ದ ಕಾಗದ ಎತ್ತಿ ನೋಡಿದೆ. ಆಮೇಲೆ ಕರ್ಕೋಟಕನನ್ನ ನೋಡಿದೆ. ದಾರದ ನಡುವೆ ಒಂದು ಗಂಟು! ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಸದ್ದಿಲ್ಲದೆ ಕುಣಿದ್ವಿ, ಸದ್ದಾದ್ರೆ ಎಲ್ಲಿ ಕಕ್ಕಿಬಿಡುತ್ತೋ ಅಂತ. ತಿಂದ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದ್ರೆ ವಾಂತಿ ಮಾಡಿ ಪೂರ್ತಿ ಸೋತುಹೋಗುತ್ತೆ. ಆ ಎರಡು ದಿನ ನಾನು ಆ ರೂಮಿಗೇ ಹೋಗಲಿಲ್ಲ. ಮೂರನೇ ದಿನ ಗಂಟು ಕರಗಿತ್ತು. ಊರಿಗೆ ಫೋನ್ ಮಾಡಿದ್ರೆ ಅಮ್ಮ, "ನಾನು ಹೇಳಿದ್ನಲ್ಲ, ಮುಂದೆ ಕೂತ್ಕೋಬೇಡ ಅಂತ" ಅಂದ್ರು. ಹಲ್ಲಿ ವಿಷಯ ಎತ್ತಲಿಲ್ಲ ನಾನು.

ಆ ಬಾಲ ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಡಿಸೆಂಬರ್‌ವರೆಗೂ ಇತ್ತು. ಪ್ರತಿ ವಾರ ತಿಕ್ಕೋದನ್ನ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬಂದೆ, ಮೊದಲು ಇಡೀ ಮೈಗೆ, ಆಮೇಲೆ ಬೆನ್ನಿಗೆ, ಆಮೇಲೆ ಬರೀ ಮೂತಿಗೆ. ಐದನೇ ಊಟದಿಂದ ಏನೂ ತಿಕ್ಕದೆ ಕೊಟ್ಟೆ, ಒಂದು ಕ್ಷಣ ಅನುಮಾನಿಸಿ ನುಂಗಿದ. 2025ರ ಹೊಸ ವರ್ಷದ ದಿನ ತೂಕ 11 ಗ್ರಾಂ. ಈಗ ಚಿಮಟ ಕಂಡ್ರೆ ಸಾಕು, ಹೆಸರಿಗೆ ತಕ್ಕ ಹಾಗೆ ಹಾರಿ ಬೀಳ್ತಾನೆ.

ಬಾಲ್ಕನಿಯ ಅನೋಲ್‌ಗೂ ಬಾಲ ಮತ್ತೆ ಬಂದಿದೆ. ಹಸಿರಲ್ಲ, ಕಂದು ಬಣ್ಣದ, ಗಿಡ್ಡ ಬಾಲ. ನನ್ನನ್ನ ಕಂಡ್ರೆ ಬೀಸಣಿಗೆ ಬಿಚ್ಚುತ್ತೆ. ನಾನೂ ಬಟ್ಟೆ ಒಣಹಾಕೋಕೆ ಹೋದಾಗ ಆ ಪೈಪಿನ ಕಡೆ ಹೆಚ್ಚು ನೋಡಲ್ಲ.

ನಾಳೆ ಭಾನುವಾರ, ಊಟದ ದಿನ. ಪ್ಯಾಕೆಟ್ಟು ಫ್ರೀಜರಿನಿಂದ ಕೆಳಗಿಳಿಸಿಡಬೇಕು. ಮತ್ತೆ ಸಿಗೋಣ.