ಕ್ಷಮಿಸುವ ಅಧಿಕಾರ

ಮಳೆಗಾಲದ ಒಂದೇ ಸಂಜೆಗೆ ಡೆಂಗ್ಯೂ, ಇಲಿಜ್ವರಗಳಿಂದ ಬಳಲುವವರೂ, ಹಾವು ಕಚ್ಚಿದವರೂ, ಅಡಕೆಗೆ ಮದ್ದು ಬಿಡಲು ಮರ ಹತ್ತಿ ಜಾರಿ ಬಿದ್ದವರೂ ಬಂದು ಸೇರುವ ಪುತ್ತೂರು, ಸುಳ್ಯಗಳ ತಾಲೂಕು ಆಸ್ಪತ್ರೆಗಳಲ್ಲಿಯೂ ಕಡಬದ ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ, ರೋಗಿಯು ತುಳುವಿನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ತೋಡಿಕೊಂಡ ಸಂಕಟವನ್ನು ಘಟ್ಟದ ಮೇಲಿಂದ ವರ್ಗವಾಗಿ ಬಂದ ದಾದಿಯು ಗ್ರಹಿಸಿ ಬರೆದುಕೊಳ್ಳುವಷ್ಟರಲ್ಲಿ ಪ್ರಮಾದವೊಂದು ನುಸುಳಿದರೆ ಸೋಜಿಗಪಡಬೇಕಾದುದಿಲ್ಲ. ಪ್ರಮಾದವಾದ ಮರುಕ್ಷಣ ಆಕೆ ಅದನ್ನು ಮೇಲಿನವರಿಗೆ ಹೇಳುವಳೋ, ನುಂಗಿಕೊಳ್ಳುವಳೋ ಎಂಬುದು ಬಹುಮಟ್ಟಿಗೆ ಆ ಆಸ್ಪತ್ರೆಯ ಯಜಮಾನಿಕೆ ವಹಿಸಿದವರ ಸ್ವಭಾವವನ್ನು ಅವಲಂಬಿಸಿದೆ. ಬೈಗುಳಕ್ಕೆ ಅಂಜಿ ಮೌನ ತಾಳಿದಳಾದರೆ ಪರಿಹಾರದ ಹೊತ್ತೇ ಮೀರಿಹೋದೀತು.

ಅಮೆರಿಕದ ನ್ಯಾಶ್‌ವಿಲ್ ನಗರದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ 2017ರ ಡಿಸೆಂಬರಿನಲ್ಲಿ ರಡೋಂಡಾ ವಾಟ್ ಎಂಬ ದಾದಿ, ಉದ್ವೇಗವನ್ನು ಶಮನಗೊಳಿಸುವ ಮದ್ದಿಗೆ ಬದಲಾಗಿ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಮದ್ದನ್ನು ಚುಚ್ಚಿದ್ದರಿಂದ ವೃದ್ಧೆಯೊಬ್ಬರು ಪ್ರಾಣಬಿಟ್ಟರು. ಆಕೆ ತಪ್ಪನ್ನು ಕೂಡಲೇ ಒಪ್ಪಿಕೊಂಡಳು. ಆಸ್ಪತ್ರೆಯಾದರೋ ಆಕೆಯನ್ನು ಕೆಲಸದಿಂದ ತೆಗೆದು, ಕುಟುಂಬದೊಡನೆ ಗುಟ್ಟಾಗಿ ರಾಜಿ ಮಾಡಿಕೊಂಡು, ರಾಜ್ಯದ ಅಧಿಕಾರಿಗಳಿಗೆ ಸಂಗತಿಯನ್ನು ತಿಳಿಸದೆ ಕುಳಿತಿತು. 2022ರಲ್ಲಿ ನ್ಯಾಯಾಲಯವು ಅಪರಾಧಿಯೆಂದು ಸಾರಿದ್ದು ಒಪ್ಪಿಕೊಂಡವಳನ್ನು. ಸೆರೆವಾಸ ತಪ್ಪಿತಾದರೂ, ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮವೆಂದು ಲೋಕದ ದಾದಿಯರು ಆ ತೀರ್ಪಿನಿಂದ ಕಲಿತಿದ್ದರೆ ತಪ್ಪು ಅವರದಲ್ಲ.

ತಪ್ಪು ಯಾವಾಗಲೂ ಮದ್ದು ಕೊಟ್ಟ ಕೈಯದೇ ಆಗಿರುವುದೂ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ, ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ತಿರುಗಿದ್ದು ಹೊರಗಿನಿಂದ ಸರಬರಾಜಾದ, ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಮೊದಲು ಕಣ್ಣಿಗೆ ಬಿದ್ದ ಕೈಯನ್ನೇ ಹಿಡಿದು ದಂಡಿಸುವ ಆತುರದವರಿಗೆ ಇಂಥ ಮೂಲಗಳು ಗೋಚರಿಸವು.

ಆದರೆ ಕ್ಷಮೆಯ ಹೆಸರಿನಲ್ಲಿಯೂ ಅನ್ಯಾಯ ನಡೆಯುವುದುಂಟು. ವೈದ್ಯಾಧಿಕಾರಿಯು ಮನ್ನಿಸಬಹುದಾದುದು ತನ್ನ ಆಜ್ಞೆಗೂ ಆಸ್ಪತ್ರೆಯ ಕೀರ್ತಿಗೂ ಬಂದ ಊನವನ್ನಷ್ಟೇ. ರೋಗಿಗಾದ ಹಾನಿಯನ್ನು ಮನ್ನಿಸುವ ಅಧಿಕಾರ ರೋಗಿಗೂ ಮನೆಯವರಿಗೂ ಸೇರಿದ್ದಾದುದರಿಂದ, ಅವರಿಗೆ ನಿಜವನ್ನೇ ತಿಳಿಸದೆ ಒಳಗೊಳಗೇ ‘ಹೋಗಲಿ ಬಿಡಿ’ ಎಂದುಕೊಳ್ಳುವುದು ಪರರ ಸೊತ್ತನ್ನು ದಾನಮಾಡಿದಂತೆ.

ನಮ್ಮಲ್ಲಿ ಈ ಔದಾರ್ಯವೂ ಸಂಬಳದ ಶ್ರೇಣಿಯನ್ನನುಸರಿಸಿಯೇ ಹಂಚಿಕೆಯಾಗುವುದು: ತಜ್ಞವೈದ್ಯರಿಂದ ವಿವರಣೆ ಕೇಳುತ್ತಾರೆ, ಖಾಯಂ ದಾದಿಗೆ ನೋಟೀಸು ಕೊಡುತ್ತಾರೆ, ಹೊರಗುತ್ತಿಗೆಯ ಆಯಾಳಿಗಾದರೋ ನಾಳೆಯಿಂದ ಬರಬೇಡವೆಂದು ಏಜೆನ್ಸಿಯವನ ಒಂದು ಫೋನು ಸಾಕು. ಆಸ್ಪತ್ರೆಯ ಮೇಲುಸ್ತುವಾರಿಗೆಂದು ಇರುವ ಆರೋಗ್ಯ ರಕ್ಷಾ ಸಮಿತಿಯ ಸಭೆಗಳಲ್ಲಿ ಲಿಫ್ಟು, ಶೌಚಾಲಯ, ಆಂಬುಲೆನ್ಸುಗಳ ಚರ್ಚೆಯ ನಡುವೆ, ತೆಗೆದುಹಾಕುವ ಮುನ್ನ ಅಂಥ ಆಯಾಳನ್ನೂ ಕರೆದು ನಡೆದುದೇನೆಂದು ಕೇಳತಕ್ಕದ್ದೆಂಬ ನಿಯಮವೊಂದನ್ನು ಬರೆದಿಡುವುದಕ್ಕೆ ಬೆಂಗಳೂರಿನ ಅಪ್ಪಣೆಯೇನೂ ಬೇಕಾಗಲಾರದು.